ಕಪಿಲೆಗೊಂದು ಕಾಯಿ

ಕಣಕಟ್ಟೆಯ ಚಿದಂಬರಯ್ಯನವರಿಗೆ ಬಲಗಿವಿ ಕೇಳಿಸುವುದಿಲ್ಲ. ಎಡಗಿವಿ ಚೆನ್ನಾಗಿದೆ. ಊರಿಗೆಲ್ಲ ಗೊತ್ತಿರುವ ಸಂಗತಿ ಇದು, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಕಿವುಡನ್ನು ಅವರು ಬೇಕಾದಾಗ ಬೇಕಾದಂತೆ ಬಳಸಿಕೊಳ್ಳುತ್ತಾರೆ. ಹೆಂಡತಿ ಕಾಂತಮ್ಮ ಬಲಗಡೆ ನಿಂತು ‘ರೀ, ನಲ್ಲೀಲಿ ನೀರು ಬಂತು, ಎದ್ದೇಳ್ರೀ’ ಎಂದರೆ ಜಪ್ಪಯ್ಯ ಅನ್ನುವುದಿಲ್ಲ. ಅದೇ ಬಲಗಡೆಯಿಂದಲೇ ‘ಕಾಫಿ ಆರೋಗ್ತೈತೆ’ ಎಂದರೆ ಥಟ್ಟನೆ ಎದ್ದು ಕೂರುತ್ತಾರೆ.

‘ನಿಮ್ಮ ಕಿವಿ ಮಿಲಿಟರೀಲಿ ಕೆಟ್ಟಿದ್ದಲ್ಲ ಕಣ್ರೀ, ಮನೇಗ್ ಬಂದ್ಮೇಲೆ ಕೆಟ್ಟಿದ್ದು’ ಎಂದು ಕಾಂತಮ್ಮ ಹೇಳುವುದುಂಟು. ಅದನ್ನೂ ಬಲಗಡೆ ನಿಂತೇ ಹೇಳುತ್ತಾರೆ.

ಕಿವಿ ಕೆಟ್ಟದ್ದು ಮಿಲಿಟರಿಯಲ್ಲೇ. ಇಪ್ಪತ್ತನಾಲ್ಕು ವರ್ಷದ ನೌಕರಿಯಲ್ಲಿ ಹನ್ನೊಂದು ವರ್ಷ ಅವರು ಒಂದೇ ಟ್ಯಾಂಕನ್ನು ಓಡಿಸಿದರು. ಟಿ-72 ಎಂಬ ಜಾತಿಯದು. ಅದರ ಹೊಟ್ಟೆಯೊಳಗೆ ಮೂರು ಜನ: ಮೇಲೆ ಕಮಾಂಡರ್, ಪಕ್ಕದಲ್ಲಿ ಗುಂಡು ಹಾರಿಸುವವನು, ಮುಂದೆ ತಗ್ಗಿನಲ್ಲಿ ಕಾಲು ಚಾಚಿ ಅರೆಮಲಗಿದ ಹಾಗೆ ಕೂರುವ ಡ್ರೈವರ್. ಆ ತಗ್ಗಿಗೆ ಬೆಳಕು ಬರುವುದು ಅಂಗೈ ಅಗಲದ ಗಾಜಿನಿಂದ. ಹನ್ನೊಂದು ವರ್ಷ ಚಿದಂಬರಯ್ಯ ರಾಜಸ್ಥಾನವನ್ನು ನೋಡಿದ್ದು ಆ ಗಾಜಿನಷ್ಟೇ. ಆದರೆ ನೋಡುವುದಕ್ಕಿಂತ ಕೇಳುವುದರಲ್ಲಿ ಅವರು ಗಟ್ಟಿಗರು. ಕೊಬ್ಬರಿ ಸೀಮೆಯಲ್ಲಿ ಹುಟ್ಟಿದವರಿಗೆ ಅದು ಬಾಲ್ಯದಿಂದ ಬಂದ ವಿದ್ಯೆ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕೊಬ್ಬರಿಯ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ, ಇನ್ನೂ ಅಂಟಿದೆಯೋ, ನೀರು ಪೂರ್ತಿ ಆರಿದೆಯೋ ಎಂದು ಗೊತ್ತಾಗಬೇಕು. ಒಡೆದು ನೋಡಿ ಹೇಳುವವನು ದಡ್ಡ. ಚಿದಂಬರಯ್ಯ ಎಂಜಿನನ್ನೂ ಹಾಗೇ ಕೇಳುತ್ತಿದ್ದರು. ಹನ್ನೆರಡು ಸಿಲಿಂಡರುಗಳಲ್ಲಿ ಯಾವುದು ಸೊರಗಿದೆ ಎಂದು ಬಿಚ್ಚುವ ಮೊದಲೇ ಹೇಳಿ ಮೆಕ್ಯಾನಿಕ್ಕುಗಳಿಂದ ಬೈಸಿಕೊಂಡದ್ದುಂಟು. ಬಿಚ್ಚಿದ ಮೇಲೆ ಅವರಿಂದಲೇ ಚಹಾ ಕುಡಿದದ್ದೂ ಉಂಟು.

ರೆಜಿಮೆಂಟಿನ ಲೆಕ್ಕದಲ್ಲಿ ಆ ಟ್ಯಾಂಕಿಗೆ ಒಂದು ನಂಬರು ಇತ್ತು. ಚಿದಂಬರಯ್ಯ ಅದನ್ನು ಕಪಿಲೆ ಎಂದು ಕರೆಯುತ್ತಿದ್ದರು. ಕಣಕಟ್ಟೆಯ ಮನೆಯಲ್ಲಿ ಅವರ ಬಾಲ್ಯದಲ್ಲಿ ಅದೇ ಹೆಸರಿನ ಕಂದು ಹಸುವೊಂದಿತ್ತು. ಬೆಳಿಗ್ಗೆ ಏಳಲು ಅದಕ್ಕೆ ಮನಸ್ಸಿರಲಿಲ್ಲ, ಎದ್ದ ಮೇಲೆ ಯಾರ ಮಾತಿಗೂ ನಿಲ್ಲುತ್ತಿರಲಿಲ್ಲ. ಮರಳುಗಾಡಿನ ಚಳಿಯಲ್ಲಿ ಈ ಕಪಿಲೆಯದೂ ಅದೇ ಬುದ್ಧಿ. ಎಣ್ಣೆಯ ಒತ್ತಡ ಏರುವವರೆಗೆ ಬಟನ್ ಒತ್ತಿ ಹಿಡಿದು, ‘ಏಳವ್ವ, ಏಳು’ ಎಂದು ಕನ್ನಡದಲ್ಲಿ ರಮಿಸಿದರೆ ಮಾತ್ರ ಎದ್ದೇಳುತ್ತಿತ್ತು. ಕಮಾಂಡರ್ ಸಾಹೇಬರು ಪಂಜಾಬಿ. ಅವರು ಒಂದು ದಿನ ತಾವೇ ಮೇಲಿಂದ ‘ಏಳವ್ವಾ’ ಅಂದರಂತೆ. ಆ ಒಂದು ಮಾತಿಗೆ ಚಿದಂಬರಯ್ಯ ಅವರನ್ನು ಇವತ್ತಿಗೂ ನೆನೆಯುತ್ತಾರೆ.

ಇನ್ನು ಬಳೆಯ ವಿಚಾರ.

ಟ್ಯಾಂಕಿಗೆ ಸ್ಟಿಯರಿಂಗ್ ಚಕ್ರ ಇರುವುದಿಲ್ಲ. ಎಡಗೈಗೊಂದು ಬಲಗೈಗೊಂದು ಲಿವರು. ಎಡದ್ದನ್ನು ಎಳೆದರೆ ಎಡಕ್ಕೆ, ಬಲದ್ದನ್ನು ಎಳೆದರೆ ಬಲಕ್ಕೆ. ಕಪಿಲೆಯ ಎಡ ಲಿವರಿನ ಹಿಡಿ ಸವೆದುಹೋಗಿತ್ತು. ಬೆವರಿದ ಕೈ ಜಾರುತ್ತಿತ್ತು. ಹೊಸದಕ್ಕೆ ಬರೆದು ಹಾಕಿ ಏಳು ತಿಂಗಳಾದರೂ ಬರಲಿಲ್ಲ. ರಜೆಗೆ ಊರಿಗೆ ಬಂದಾಗ ಚಿದಂಬರಯ್ಯ ಒಂದು ಗಟ್ಟಿ ಕರಟ ಆರಿಸಿ, ನಡುವೆ ತೂತು ಕೊರೆದು, ಗಾಜಿನ ಚೂರಿನಿಂದ ಹೆರೆದು, ಕೊಬ್ಬರಿ ಎಣ್ಣೆ ಉಜ್ಜಿ ಒಂದು ಬಳೆ ಮಾಡಿಕೊಂಡರು. ಅವರ ಮನೆಯಲ್ಲಿ ತಾತನ ಕಾಲದಿಂದ ಮಚ್ಚಿನ ಹಿಡಿಗೆ ಹೀಗೇ ಕರಟದ ಬಳೆ ತೊಡಿಸುತ್ತಾರೆ, ಕಾಯಿ ಕೆತ್ತುವಾಗ ಕೈ ಅಲಗಿನ ಕಡೆ ಜಾರಬಾರದೆಂದು. ಬಳೆಯ ಮೇಲೆ ವಿಭೂತಿಯ ಹಾಗೆ ಮೂರು ಗೀರು ಹಾಕುವುದು ಮನೆಯ ಗುರುತು. ಆ ಬಳೆಯನ್ನು ಟ್ರಂಕಿನಲ್ಲಿಟ್ಟುಕೊಂಡು ಹೋಗಿ, ಮಚ್ಚಿಗೆ ಹಾಕುವಂತೆಯೇ ಅರಗು ಕಾಯಿಸಿ, ಲಿವರಿಗೆ ಕೂರಿಸಿದರು.

ಅಂಗೈಗೆ ಅದೆಷ್ಟು ಹಿತವಾಗಿ ಒದಗಿತೆಂದರೆ, ಆಮೇಲೆ ಸ್ಟೋರಿನಿಂದ ಬಂದ ಹೊಸ ಹಿಡಿಯನ್ನು ಅವರು ಹಿಂದಕ್ಕೆ ಕಳಿಸಿಬಿಟ್ಟರು. ತಪಾಸಣೆಗೆ ಬಂದ ಅಧಿಕಾರಿಗಳು ಒಬ್ಬಿಬ್ಬರು ಇದೇನೆಂದು ಕೇಳಿದರು. ಪಂಜಾಬಿ ಸಾಹೇಬರು ‘ಅದನ್ನ ನೋಡಬೇಡಿ, ಓಡಿಸೋದನ್ನ ನೋಡಿ’ ಎಂದು ಅವರನ್ನು ಆಚೆ ಕರೆದೊಯ್ದರು.

ನಿವೃತ್ತಿಗೆ ತಿಂಗಳಿರುವಾಗ ಕಪಿಲೆಯನ್ನು ದೊಡ್ಡ ರಿಪೇರಿಗೆ ಡಿಪೋಗೆ ಕಳಿಸುವ ಆದೇಶ ಬಂತು. ಒಪ್ಪಿಸುವ ಮೊದಲು ಸರ್ಕಾರ ಕೊಡದ ವಸ್ತು ಏನಿದ್ದರೂ ತೆಗೆದುಬಿಡಬೇಕು, ಅದು ನಿಯಮ. ನಿಯಮವೆಂದರೆ ಚಿದಂಬರಯ್ಯನವರಿಗೆ ಪ್ರಾಣ. ಬಳೆ ತೆಗೆಯಲು ಕೂತರು. ಎಣ್ಣೆ ಬಿಟ್ಟರು, ತಿರುಪಿದರು, ತಟ್ಟಿದರು. ಅರಗು ಹಿಡಿದದ್ದು ಬಿಡಲಿಲ್ಲ. ಉಳಿದದ್ದು ಒಂದೇ ದಾರಿ, ಉಳಿ ಇಟ್ಟು ಒಡೆಯುವುದು. ಉಳಿ ತಂದರು, ಇಟ್ಟರು, ಸುತ್ತಿಗೆ ಎತ್ತಿದರು, ಇಳಿಸಿದರು. ‘ಇರಲಿ ಬಿಡವ್ವ’ ಎಂದು ಎದ್ದುಬಂದು ಕಾಗದಕ್ಕೆ ಸಹಿ ಹಾಕಿದರು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಮಾಡಿದ ತಪ್ಪು ಅದೊಂದೇ. ಹೆಂಡತಿಯೊಬ್ಬಳ ಹೊರತು ಯಾರಿಗೂ ಹೇಳಿಲ್ಲ.

ಊರಿಗೆ ಬಂದು ಹದಿಮೂರು ವರ್ಷವಾಯಿತು. ತೋಟ ನೋಡಿಕೊಳ್ಳುತ್ತಾರೆ, ಕೊಬ್ಬರಿ ಮಾಡುತ್ತಾರೆ, ಮಾರುಕಟ್ಟೆಯ ದಿನ ಅರಸೀಕೆರೆಗೆ ಹೋಗುತ್ತಾರೆ. ಹೋದಾಗಲೆಲ್ಲ ರೈಲ್ವೆ ಮೇಲ್ಸೇತುವೆಯ ಮೇಲೆ ಅರ್ಧ ಗಂಟೆಯಾದರೂ ನಿಲ್ಲುತ್ತಾರೆ. ಎಂದೋ ಒಮ್ಮೆ ಬಯಲು ವ್ಯಾಗನ್ನುಗಳ ಮೇಲೆ ಟಾರ್ಪಾಲು ಹೊದ್ದ ಟ್ಯಾಂಕುಗಳ ಸಾಲೊಂದು ಅಲ್ಲಿಂದ ಹೋಗಿತ್ತು. ಹೊದಿಕೆಯ ಉಬ್ಬಿನಲ್ಲೇ ಜಾತಿ ಗುರುತಿಸಿದ ಚಿದಂಬರಯ್ಯ, ರೈಲು ತಿರುವು ದಾಟಿ ಕಾಣದಾದ ಮೇಲೂ ಕಂಬಿ ಹಿಡಿದು ನಿಂತಿದ್ದರು. ಆ ದಿನ ಕೊಬ್ಬರಿ ಯಾವ ದರಕ್ಕೆ ಹೋಯಿತೆಂದು ಕೇಳಿದರೆ ಅವರಿಗೆ ನೆನಪಿರಲಿಲ್ಲ, ಕಾಂತಮ್ಮನಿಗೆ ಸಿಟ್ಟು ಬಂದಿತ್ತು.

ಕಳೆದುಹೋದ ವಸ್ತುವಿಗಾಗಿ ಹಂಬಲಿಸುವುದು ಒಂದು ಥರ. ಇದೆಯೋ ಇಲ್ಲವೋ ಗೊತ್ತಿಲ್ಲದ್ದಕ್ಕೆ ಹಂಬಲಿಸುವುದು ಇನ್ನೊಂದು ಥರ, ಮತ್ತು ಅದು ಬಲು ಕೆಟ್ಟದ್ದು. ಚಿದಂಬರಯ್ಯನವರದು ಎರಡನೆಯದು. ಅಂಗೈ ಸುಮ್ಮನಿರುತ್ತಿರಲಿಲ್ಲ. ಮನೆಗೆ ಬಂದ ವರ್ಷವೇ ತಮ್ಮ ಮೊಪೆಡ್ಡಿನ ಎಡ ಹಿಡಿಗೂ ಅಂಥದೇ ಕರಟದ ಬಳೆ ಮಾಡಿ, ಮೂರು ಗೀರು ಹಾಕಿ, ಅರಗಿಟ್ಟು ಕೂರಿಸಿಕೊಂಡರು. ಮೊಪೆಡ್ಡಿಗೆ ಅದರ ಅವಶ್ಯಕತೆಯೇನೂ ಇರಲಿಲ್ಲ.

ಪ್ರತಿ ವರ್ಷ ಆಯುಧಪೂಜೆಯ ದಿನ ಅಂಗಳದಲ್ಲಿ ಮೊಪೆಡ್ಡಿಗೊಂದು, ಪಂಪ್‌ಸೆಟ್ಟಿಗೊಂದು, ಮಚ್ಚು ಕುಡುಗೋಲುಗಳಿಗೊಂದು ಕಾಯಿ ಒಡೆಯುತ್ತಾರೆ. ನಾಲ್ಕನೆಯದನ್ನು ಉತ್ತರಕ್ಕೆ ಮುಖ ಮಾಡಿ ಒಡೆಯುತ್ತಾರೆ. ಅದು ಕಪಿಲೆಗೆ. ಹೋದ ವರ್ಷ ಮಾತ್ರ ನಾಲ್ಕನೆಯ ಕಾಯಿ ಒಡೆಯಲಿಲ್ಲ.

ಕಾರಣ ಬಾಣಾವರದ ನಟರಾಜ್. ಸೈನ್ಯದಲ್ಲಿ ಇದೇ ಟ್ಯಾಂಕುಗಳ ಮೆಕ್ಯಾನಿಕ್ಕಾಗಿದ್ದವರು, ಈಗ ಬಾಣಾವರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಹಳೆಯ ಸ್ನೇಹಿತರು, ಏಕವಚನದ ಸಲುಗೆ. ಹೋದ ದಸರೆಗೆ ಎರಡು ದಿನ ಮೊದಲು ಫೋನು ಮಾಡಿ ಸುದ್ದಿ ಹೇಳಿದರು.

‘ಏನ್ಲಾ ಚಿದಂಬ್ರ, ಗೊತ್ತಾಯ್ತಾ? ನಮ್ಮ ಹಳೇ ಗಾಡಿಗಳಿಗೆ ಹೊಸಾ ಎಂಜಿನ್ ಹಾಕ್ತಾವ್ರಂತೆ ಕಣ್ಲಾ. ಗನ್ನಿಗೂ ಕತ್ತಲಲ್ಲಿ ಕಾಣೋ ಹೊಸಾ ಕಣ್ಣಂತೆ.’

‘ಎಲ್ಲಾವಕ್ಕೂನಾ?’

‘ಎಲ್ಲಾವಕ್ಕೂ ಎಲ್ಲಿ ಹಾಕ್ತಾರೆ? ಮೈ ಗಟ್ಟಿ ಇರೋವಕ್ಕೆ ಹಾಕ್ತಾರೆ. ಮಿಕ್ಕಿದ್ದನ್ನ ಎಳಕೊಂಡೋಗಿ ರೇಂಜಲ್ಲಿ ನಿಲ್ಲಿಸ್ತಾರೆ, ಹೊಸಾ ಹುಡುಗ್ರು ಗುರಿ ಇಟ್ಟು ಹೊಡೆಯಾಕೆ. ನೋಡಿಲ್ವಾ ನೀನು?’

ನೋಡಿದ್ದರು. ಗುರಿಗೆಂದು ನಿಲ್ಲಿಸಿದ ಹಳೆಯ ಟ್ಯಾಂಕುಗಳಿಗೆ ಕಪಿಲೆಯ ಒಳಗಿನಿಂದಲೇ ಗುಂಡು ಹೊಡೆಸಿದ್ದರು. ತೂತುಬಿದ್ದು, ತುಕ್ಕು ಹಿಡಿದು, ಮೂತಿ ನೆಲಕ್ಕೆ ಊರಿ ಅವು ಮರಳಿನಲ್ಲಿ ಕೂತಿರುತ್ತಿದ್ದವು. ಅವನ್ನೂ ಯಾರೋ ಡ್ರೈವರ್ ರಮಿಸಿ ಎಬ್ಬಿಸುತ್ತಿದ್ದ ಎಂದು ಆಗ ಹೊಳೆದಿರಲಿಲ್ಲ. ಈಗ ಹೊಳೆದು ಚಿದಂಬರಯ್ಯನವರಿಗೆ ಅನ್ನ ಸೇರದಾಯಿತು. ಪೂಜೆಯ ದಿನ ಮೂರು ಕಾಯಿ ಒಡೆದರು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಇಲ್ಲದವರ ಹೆಸರಿನಲ್ಲಿ ಆಯುಧಪೂಜೆಯ ಕಾಯಿ ಒಡೆಯುತ್ತಾರೆಯೇ? ಇದ್ದು, ಒಡೆಯದೆ ಬಿಟ್ಟರೆ? ಕೊನೆಗೆ ಆ ಕಾಯನ್ನು ಹಾಗೇ ತಂದು ದೇವರ ಗೂಡಿನ ಪಕ್ಕದಲ್ಲಿಟ್ಟರು. ಅದು ಅಲ್ಲೇ ಒಣಗಿತು.

ಈ ವರ್ಷದ ದಸರೆಗೆ ನಟರಾಜ್ ಮತ್ತೆ ಫೋನು ಮಾಡಿದರು. ಅವರ ಮಗಳು ಬಿಂದುಶ್ರೀ ರಜೆಗೆ ಬಂದಿದ್ದಾಳೆ. ಎಂಜಿನಿಯರಿಂಗ್ ಓದಿ ಎರಡು ವರ್ಷದಿಂದ ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಹಳೆಯ ಟ್ಯಾಂಕುಗಳು ಹೊಸ ಎಂಜಿನ್ನು ಹಾಕಿಸಿಕೊಳ್ಳುವುದು ಅಲ್ಲಿಯೇ.

‘ಬಾರ್ಲಾ, ಮಾತಾಡೀವಂತೆ’ ಎಂದರು.

ಚಿದಂಬರಯ್ಯ ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದರು. ಕಾಂತಮ್ಮ ಒಂದು ಚೀಲಕ್ಕೆ ಹೊಸ ಕೊಬ್ಬರಿ ತುಂಬಿ ಕೊಟ್ಟರು. ‘ಕೇಳ್ಕೊಂಡು ಬಂದ್ಬಿಡ್ರೀ. ಒಂದು ವರ್ಷದಿಂದ ನಿಮ್ ಮುಖ ನೋಡಾಕಾಗ್ತಿಲ್ಲ’ ಎಂದರು. ಅಷ್ಟೇ ಆಗಿದ್ದರೆ ಕತೆ ಸುಲಭವಿತ್ತು. ಆದರೆ ಚಿದಂಬರಯ್ಯ ಕೇಳುವಂತಿಲ್ಲ. ಯಾವ ಟ್ಯಾಂಕು ಎಲ್ಲಿದೆ, ಯಾವುದಕ್ಕೆ ಏನು ಹಾಕಿದ್ದಾರೆ ಎಂದು ಅಲ್ಲಿ ಕೆಲಸ ಮಾಡುವವರು ಹೊರಗೆ ಹೇಳಕೂಡದು. ಯುದ್ಧದ ಕಾಲದಲ್ಲಿ ತಾವೆಲ್ಲಿದ್ದೆವೆಂದು ಹೆತ್ತ ತಾಯಿಗೂ ಹೇಳದಿದ್ದ ಮನುಷ್ಯ ಈಗ ಇನ್ನೊಬ್ಬರ ಮಗಳನ್ನು ಹೇಳು ಎನ್ನುವುದು ಹೇಗೆ? ಬಾಣಾವರದವರೆಗೂ ಮೊಪೆಡ್ಡಿನ ಮೇಲೆ ಅದನ್ನೇ ಯೋಚಿಸಿದರು. ಕೇಳದೆಯೇ ತಿಳಿಯುವ ದಾರಿ ಯಾವುದೂ ಸಿಗಲಿಲ್ಲ.

ಬಿಂದುಶ್ರೀ ಗಂಭೀರ ಸ್ವಭಾವದ ಹುಡುಗಿ, ಆದರೆ ಕಣ್ಣಲ್ಲಿ ನಗು ಇತ್ತು. ಕಾಫಿ ತಂದುಕೊಟ್ಟು ಎದುರಿಗೆ ಕೂತಳು.

‘ಪೇಪರಲ್ಲಿ ಬಂದಿತ್ತವ್ವ’ ಎಂದು ಚಿದಂಬರಯ್ಯ ಸುತ್ತಿ ಬಳಸಿ ಆರಂಭಿಸಿದರು. ‘ಎಂಜಿನ್ ಬದಲಾಯಿಸ್ತಾರೆ ಅಂತ.’

‘ಹೌದು ಅಂಕಲ್. ಪೇಪರಲ್ಲಿ ಬಂದಷ್ಟು ನಾನೂ ಹೇಳ್ಬಹುದು. ಮೊದ್ಲು ಏಳ್ನೂರ ಎಂಬತ್ತು ಹಾರ್ಸ್‌ಪವರ್ ಇತ್ತಲ್ಲ, ಈಗ ಸಾವಿರ.’

‘ಸಾವಿರ!’ ಚಿದಂಬರಯ್ಯ ಲೋಟ ಕೆಳಗಿಟ್ಟರು. ‘ಮರಳು ದಿಬ್ಬ ಹತ್ತಬೇಕಾದ್ರೆ ನರಳೋದು ಕಣವ್ವ ಅದು. ಇನ್ನೊಂದು ಇನ್ನೂರು ಕುದುರೆ ಕೊಡಪ್ಪ ಶಿವನೇ ಅಂತ ಎಷ್ಟ್ ಸಲ ಬೇಡ್ಕಂಡಿದೀನೋ. ಈಗ ಕೊಟ್ಟವ್ನೆ ನೋಡು.’

ಸಂತೋಷವಾಯಿತು, ಸಂಕಟವೂ ಆಯಿತು. ಬೇಡಿಕೊಂಡವರು ಇವರು. ಆ ಸಾವಿರ ಕುದುರೆಯನ್ನು ಓಡಿಸುವವನು ಯಾರೋ ಇಪ್ಪತ್ತೈದರ ಹುಡುಗ. ಅವನಿಗೆ ಕಪಿಲೆ ಚಳಿಗೆ ಮೊಂಡು ಹಿಡಿಯುತ್ತಾಳೆಂದು ಯಾರು ಹೇಳಿಕೊಡಬೇಕು? ಹೊಸ ಎಂಜಿನ್ನು ಬಂದ ಮೇಲೆ ಆ ಮೊಂಡೂ ಇರಲಿಕ್ಕಿಲ್ಲ. ಹಾಗಾದರೆ ಅದು ಕಪಿಲೆಯೇ ಹೌದೇ ಎಂದೂ ಒಂದು ಗಳಿಗೆ ಅನ್ನಿಸಿತು. ಹೌದಾಗಿರಲಿ, ಅಲ್ಲವಾಗಿರಲಿ, ಗುಂಡು ತಿನ್ನಲು ಮರಳಿನಲ್ಲಿ ಕೂತಿರದಿದ್ದರೆ ಸಾಕು.

‘ಸದ್ದು ಹೆಂಗವ್ವ ಹೊಸದರದ್ದು?’

‘ಸ್ವಲ್ಪ ದಪ್ಪ ಅಂಕಲ್. ಆದ್ರೆ ಒಂದೇ ಸಮ.’

ಚಿದಂಬರಯ್ಯ ಕಣ್ಣು ಮುಚ್ಚಿ ಎಡಗಿವಿಯನ್ನು ಸ್ವಲ್ಪ ವಾಲಿಸಿದರು, ಅಲ್ಲೇನೋ ಕೇಳಿಸುತ್ತದೆ ಎನ್ನುವಂತೆ. ಏನೂ ಕೇಳಿಸಲಿಲ್ಲ, ನಟರಾಜರ ಅಂಗಡಿಯಲ್ಲಿ ಯಾವುದೋ ಮೋಟಾರು ಗುಯ್‌ಗುಟ್ಟುತ್ತಿತ್ತು ಅಷ್ಟೇ.

ನಟರಾಜ್ ಅಷ್ಟು ಹೊತ್ತು ಸುಮ್ಮನಿದ್ದುದೇ ಹೆಚ್ಚು. ‘ಅದ್ಯಾಕ್ಲಾ ಸುತ್ತಿ ಬಳಸ್ತೀಯ? ನಿನ್ ಗಾಡಿ ನಂಬರ್ ಹೇಳು. ನಮ್ ಹುಡುಗಿ ನೋಡಿದ್ರೆ ಹೂಂ ಅಂತಾಳೆ, ಇಲ್ದಿದ್ರೆ ಇಲ್ಲ ಅಂತಾಳೆ. ಮನೆ ಒಳಗೆ ಯಾರು ಕೇಳ್ತಾರೆ?’

ಬಿಂದುಶ್ರೀಯ ಮುಖದ ನಗು ಹೋಯಿತು. ನಂಬರು ಚಿದಂಬರಯ್ಯನವರ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮುಗಿಯಿತು, ಒಂದು ವರ್ಷದ ಸಂಕಟ ಅಲ್ಲಿಗೆ ಇಳಿಯುತ್ತಿತ್ತು. ಅವರು ಹುಡುಗಿಯ ಮುಖ ನೋಡಿದರು, ಆಮೇಲೆ ಎದ್ದು ನಿಂತರು.

‘ಬಾಯ್ ಮುಚ್ಚಲಾ ನಟರಾಜ. ಮಗು ಕೆಲಸಕ್ಕೆ ಕುತ್ತು ತತ್ತೀಯಾ? ಸಹಿ ಹಾಕಿ ಸೇರವ್ಳೆ ಅವಳು. ನಂಬರೂ ಬ್ಯಾಡ, ಎಂಥದ್ದೂ ಬ್ಯಾಡ. ನೋಡವ್ವ, ನೀನೇನಾದ್ರೂ ಬಾಯ್ಬಿಟ್ರೆ ನಾನೇ ಹೋಗಿ ಕಂಪ್ಲೇಂಟ್ ಕೊಡ್ತೀನಿ.’

ನಟರಾಜ್ ಪೆಚ್ಚಾದರು. ಚಿದಂಬರಯ್ಯ ಚಪ್ಪಲಿ ಮೆಟ್ಟಿಕೊಂಡರು. ಇನ್ನು ತಿಳಿಯುವುದಿಲ್ಲ, ಸಾಯುವವರೆಗೂ ತಿಳಿಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಆದರೂ ತಂದ ಕೊಬ್ಬರಿ ಕೊಡದೆ ಹೋಗಲಾದೀತೇ?

‘ಬಾರವ್ವ, ನಿಮ್ಮ ಆಂಟಿ ಕೊಬ್ಬರಿ ಕೊಟ್ಟವ್ಳೆ’ ಎಂದು ಅಂಗಳಕ್ಕೆ ಬಂದರು. ಚೀಲವನ್ನು ಮೊಪೆಡ್ಡಿನ ಮುಂದೆ ಹಗ್ಗದಿಂದ ಬಿಗಿದಿತ್ತು. ಗಂಟು ಬಿಚ್ಚುವಾಗ ಗಾಡಿ ವಾಲಿತು. ‘ವಸಿ ಹಿಡ್ಕೊ’ ಎಂದರು. ಬಿಂದುಶ್ರೀ ಅವರ ಎಡಪಕ್ಕಕ್ಕೆ ಬಂದು ಎಡ ಹಿಡಿಯನ್ನು ಹಿಡಿದುಕೊಂಡಳು.

ಚಿದಂಬರಯ್ಯ ಗಂಟು ಬಿಚ್ಚಿ ಚೀಲ ಇಳಿಸಿ ತಲೆಯೆತ್ತಿದರೆ ಹುಡುಗಿ ಕಲ್ಲಿನಂತೆ ನಿಂತಿದ್ದಳು. ಅವಳ ಹೆಬ್ಬೆರಳು ಕರಟದ ಬಳೆಯ ಮೇಲೆ ಮೆಲ್ಲಗೆ ಸರಿದಾಡುತ್ತಿತ್ತು. ಒಂದು ಗೀರು, ಎರಡು ಗೀರು, ಮೂರು ಗೀರು.

‘ಅಂಕಲ್, ಇದನ್ನ ಎಲ್ಲಿ ತಗೊಂಡ್ರಿ?’

‘ತಗಳಾದೇನು ಬಂತು? ನಾನೇ ಮಾಡಿದ್ದು. ನಮ್ಮ ಮನೆ ಕಸುಬು.’

‘ಬೇರೆ ಯಾರಾದ್ರೂ ಮಾಡ್ತಾರಾ ಹಿಂಗೆ? ಈ ಮೂರು ಗೀರು ಹಾಕಿ?’

‘ನಮ್ಮನೆ ಗುರುತು ಅದು. ಬೇರೆ ಯಾರು ಹಾಕ್ತಾರೆ?’

ಬಿಂದುಶ್ರೀ ಬಳೆಯನ್ನು ಒಮ್ಮೆ ತಿರುಪಿ ನೋಡಿದಳು. ಅದು ಕದಲಲಿಲ್ಲ. ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹಾಗೆ, ಆದರೆ ಸ್ಪಷ್ಟವಾಗಿ ಅಂದಳು:

‘ಇದು ಬಿಚ್ಚೋದೇ ಇಲ್ಲ. ಲಿವರೆಲ್ಲ ಹೊಸದು ಹಾಕ್ಬೇಕಿತ್ತು, ಇದೊಂದು ಚೆನ್ನಾಗೇ ಇತ್ತು. ಎಂಜಿನ್ ಟ್ರಯಲ್ಲಿಗೆ ಕೂತಾಗ ನನ್ ಕೈಗೇ ಎಷ್ಟು ಹಿತವಾಗಿತ್ತು. ಇರ್ಲಿ ಅಂತ ಬಿಟ್ವಿ.’

ಆಡಿದ ಮೇಲೆ ಅವಳಿಗೆ ಎಚ್ಚರವಾಯಿತು. ನಾಲಿಗೆ ಕಚ್ಚಿಕೊಂಡಳು.

ಚಿದಂಬರಯ್ಯ ಅವಳನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಎಡಗೈ ಎತ್ತಿ ಎಡಗಿವಿಯನ್ನು ಮುಟ್ಟಿಕೊಂಡರು.

‘ಏನಂದೆ ಮಗಾ? ಈ ಕಿವಿ ನಂಗೆ ಕೇಳ್ಸಾಕಿಲ್ಲ ಕಣವ್ವ. ಟ್ಯಾಂಕಲ್ಲಿ ಕೂತು ಹೋಗ್ಬಿಡ್ತು.’

ಬಾಗಿಲಲ್ಲಿ ನಿಂತ ನಟರಾಜ್ ‘ಅದು ಬಲಗಿವಿ ಅಲ್ವೇನ್ಲಾ?’ ಎಂದರು. ಅದಂತೂ ಚಿದಂಬರಯ್ಯನವರಿಗೆ ನಿಜವಾಗಿಯೂ ಕೇಳಿಸಿರಲಿಕ್ಕಿಲ್ಲ. ಅವರು ಗಾಡಿ ಹತ್ತಿದ್ದರು. ಬಿಂದುಶ್ರೀ ಹತ್ತಿರ ಬಂದು ಬಾಗಿ ಅವರ ಕಾಲು ಮುಟ್ಟಿದಳು. ಅವರು ಅವಳ ತಲೆಯ ಮೇಲೆ ಎಡಗೈ ಇಟ್ಟರು. ಆಶೀರ್ವಾದ ಬಲಗೈಯಲ್ಲಿ ಮಾಡಬೇಕೆಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಬಾಣಾವರ ದಾಟಿ ತೆಂಗಿನ ತೋಟಗಳ ನಡುವಿನ ರಸ್ತೆಗೆ ಬಂದ ಮೇಲೆ ಗಾಡಿ ನಿಲ್ಲಿಸಿ ಅತ್ತರು. ಗಂಡಸು ಹೀಗೆ ರಸ್ತೆಯಲ್ಲಿ ನಿಂತು ಅಳುವುದು ಚೆನ್ನಲ್ಲ ಎಂದುಕೊಂಡು ಮತ್ತೂ ಅತ್ತರು. ಕಪಿಲೆ ಇದ್ದಾಳೆ. ಎಲ್ಲೋ ಸಾವಿರ ಕುದುರೆಯ ಬಲದಲ್ಲಿ ದಿಬ್ಬ ಹತ್ತುತ್ತಾಳೆ, ಯಾವನೋ ಹುಡುಗನ ಅಂಗೈ ಆ ಬಳೆಯ ಮೇಲಿರುತ್ತದೆ, ಈ ಮೂರು ಗೀರು ಏನೆಂದು ಅವನಿಗೆ ತಿಳಿಯುವುದಿಲ್ಲ. ಅವಳ ಹೊಸ ಸದ್ದನ್ನು ತಾವು ಒಮ್ಮೆಯೂ ಕೇಳುವುದಿಲ್ಲ. ಸುದ್ದಿ ತಿಳಿದರೆ ಹಂಬಲ ತೀರುತ್ತದೆ ಎಂದುಕೊಂಡಿದ್ದರು. ತೀರಲಿಲ್ಲ, ಆದರೆ ಈಗ ಅದಕ್ಕೊಂದು ದಿಕ್ಕಿತ್ತು.

ಮನೆಗೆ ಬಂದಾಗ ಕಾಂತಮ್ಮ ಬಾಗಿಲಲ್ಲೇ ನಿಂತಿದ್ದರು.

‘ಏನಂದ್ಲು ಹುಡುಗಿ?’

‘ಏನೂ ಹೇಳ್ಲಿಲ್ಲ. ಹೇಳಂಗಿಲ್ಲ ಅವ್ರು. ನಾನೂ ಕೇಳ್ಲಿಲ್ಲ.’

ಕಾಂತಮ್ಮ ಮುಖವನ್ನೇ ದಿಟ್ಟಿಸಿದರು. ಮೂವತ್ತು ವರ್ಷದ ಸಂಸಾರ. ಕಾಫಿ ಇಡಲು ಒಳಗೆ ನಡೆದರು.

ಮಾರನೆಯ ದಿನ ಆಯುಧಪೂಜೆ. ಮೊಪೆಡ್ಡು ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಇಟ್ಟಾಯಿತು. ಮಚ್ಚು ಕುಡುಗೋಲುಗಳಿಗೆ ವಿಭೂತಿ ಹಚ್ಚಿದ್ದಾಯಿತು. ಚಿದಂಬರಯ್ಯ ಕಾಯಿಗಳಿಗಾಗಿ ಒಳಗೆ ಹೋದರು. ದೇವರ ಗೂಡಿನ ಪಕ್ಕದಲ್ಲಿ ಕಾಂತಮ್ಮ ಆಗಲೇ ತಟ್ಟೆ ಜೋಡಿಸಿಟ್ಟಿದ್ದರು. ತಟ್ಟೆಯಲ್ಲಿ, ಜುಟ್ಟು ಬಿಟ್ಟು ಸುಲಿದು ಕುಂಕುಮವಿಟ್ಟ ಕಾಯಿಗಳು ನಾಲ್ಕಿದ್ದವು.